ನೋಟ್ಸ್ ಯಾವ ಆ್ಯಪ್‌ನಲ್ಲಿ ಇಡ್ತೀರಿ, ಮೇಡಂ?

ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ. ಕಾಲೇಜಿನ ಹುಡುಗಿಯರು ಕೇಳುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಮಂಡಗದ್ದೆ ದಾಟುವ ಹೊತ್ತಿಗೆ ನಾನು ಪುಸ್ತಕ ಮುಚ್ಚಿ ಮೊಬೈಲಿನಲ್ಲಿ ಏನೋ ಬರೆಯುತ್ತಾ ಇರುತ್ತೇನೆ, ಅದಕ್ಕೆ. ಪ್ರತಿ ಸಲ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಈ ಸಲ ಪೂರ್ತಿ ಹೇಳುತ್ತೇನೆ.

ಹೆಸರು ಮಾತ್ರ ಸಾಕು ಅನ್ನುವವರಿಗೆ: ಅಬ್ಸಿಡಿಯನ್. ಅದನ್ನು ಆರಿಸಿದ್ದು ಅಂದಚೆಂದ ನೋಡಿ ಅಲ್ಲ. ಅದರಲ್ಲಿ ಬರೆದದ್ದೆಲ್ಲ ನನ್ನದೇ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಸಾದಾ ಅಕ್ಷರದ ಫೈಲುಗಳಾಗಿ ಕೂರುತ್ತದೆ. ನಾಳೆ ಆ ಆ್ಯಪ್ ನಿಂತುಹೋದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಬರೆಯಲು ನೆಟ್ ಬೇಡ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮಲ್ಲಿ ಮೂರು ದಿನ ಕರೆಂಟೂ ಇಲ್ಲ, ಟವರೂ ಇಲ್ಲ. ಅಂಥ ಕಡೆ ಇದು ದೊಡ್ಡ ವಿಷಯ.

ಈ ಬುದ್ಧಿ ಪೆಟ್ಟು ತಿಂದು ಬಂದದ್ದು. 2004ರಿಂದ ನಾಲ್ಕೈದು ವರ್ಷ ಓದಿದ್ದನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡಿ ಇಟ್ಟಿದ್ದೆ. ಆಗ ನಾವು ಬಳಸುತ್ತಿದ್ದ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಲ್ಲ. ಹತ್ತು ವರ್ಷದ ಮೇಲೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಫೈಲು ತೆರೆದೆ. ‘ನನ್ನ’ ಎಂದು ಬರೆದ ಕಡೆ ಪೌಂಡಿನ ಗುರುತು, ಪಕ್ಕದಲ್ಲಿ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’, ಮತ್ತೆ ಪೌಂಡು. ಪುಟಗಟ್ಟಲೆ ಹಾಗೇ. ನೋಡಿ ಅಳು ಬಂತು. ಆಮೇಲೆ ಯೂನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿಗೆ, ಬದಲಿಸುವ ಪರಿವರ್ತಕ ಸಿಕ್ಕಿ ಮುಕ್ಕಾಲು ಪಾಲು ಉಳಿಯಿತು. ಅರ್ಕಾವತ್ತು, ಒತ್ತಕ್ಷರ ಇದ್ದಲ್ಲೆಲ್ಲ ಕೈಯಲ್ಲೇ ತಿದ್ದಿದೆ. ಒಂದು ಬೇಸಿಗೆ ರಜೆ ಅದಕ್ಕೇ ಹೋಯಿತು.

ಕನ್ನಡಕ್ಕೆ 1991ರ ಮೊದಲ ಯೂನಿಕೋಡಿನಲ್ಲೇ ಜಾಗ ಇತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿದ್ದ ಯೂನಿಕೋಡ್ ಕನ್ನಡ ಫಾಂಟಿನ ಹೆಸರು ‘ತುಂಗಾ’. ನಮ್ಮ ಹೊಳೆಯ ಹೆಸರು! ನನ್ನ ಮೇಜಿನ ಮೇಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಫೈಲಿಗೆ ಕನ್ನಡದಲ್ಲಿ ಕಡತ ಅನ್ನುತ್ತೇವೆ, ಅಲ್ವಾ? ಹಿಂದೆ ಕಡತ ಅಂದರೆ ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಗಟ್ಟಿ ಕಪ್ಪು ಹಲಗೆಯ ಹಾಗೆ ಆಗುತ್ತಿತ್ತು. ಅದನ್ನು ಹಿಂದೆ ಮುಂದೆ ಮಡಿಸಿ ಪುಸ್ತಕ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಲೆಕ್ಕಪತ್ರ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಚರಿತ್ರೆ ಬರೆಯುವವರು ಇವತ್ತಿಗೂ ಆಧಾರವಾಗಿ ಬಳಸುತ್ತಾರೆ. ಅಷ್ಟು ಮಳೆ ಬೀಳುವ ಊರಿನಲ್ಲಿ ಬಟ್ಟೆಯ ಮೇಲಿನ ಬಳಪದ ಬರಹ ಉಳಿದಿದೆ. ತೆರೆಯುವುದಕ್ಕೆ ಬೆಳಕು ಬೇಕು, ಆ ಅಕ್ಷರ ಬಲ್ಲ ಕಣ್ಣು ಬೇಕು. ನನ್ನ ಫೈಲುಗಳೂ ಹಾಗೇ ಇರಲಿ ಅನ್ನುವುದು ನನ್ನ ಆಸೆ.

ಇನ್ನು ಓದಿದ್ದನ್ನು ಬರೆದಿಡುವುದು. ನನ್ನ ಕ್ರಮ ಒಂದೇ: ಮೊದಲು ಪುಸ್ತಕ ಮುಚ್ಚಬೇಕು. ತೆರೆದಿಟ್ಟುಕೊಂಡರೆ ಕೈ ನಕಲು ಮಾಡುತ್ತದೆ. ಮುಚ್ಚಿದರೆ ತಲೆಯಲ್ಲಿ ಉಳಿದದ್ದು ಮಾತ್ರ ಬರುತ್ತದೆ, ಅದೂ ನನ್ನ ಮಾತಿನಲ್ಲಿ. ಮೂರು ನಾಲ್ಕು ಸಾಲು, ಕೊನೆಗೆ ಪುಟದ ಸಂಖ್ಯೆ. ಆಮೇಲೆ ಹಳೆಯ ಯಾವ ಟಿಪ್ಪಣಿಗೆ ಇದು ತಾಗುತ್ತದೆ ಎಂದು ನೋಡಿ ಒಂದು ಕೊಂಡಿ ಹಾಕುತ್ತೇನೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಕಾಗದದ ಚೀಟಿಗಳಲ್ಲೇ ಹೀಗೆ ಸುಮಾರು 90,000 ಟಿಪ್ಪಣಿ ಕೂಡಿಸಿದ್ದರು. ಅದನ್ನು ಕೇಳಿ ಹುಡುಗಿಯರು ದಿನಕ್ಕೆ ಹತ್ತು ಟಿಪ್ಪಣಿ ಬರೆಯಲು ಹೊರಡುತ್ತಾರೆ. ಬೇಡ. ವಾರಕ್ಕೆ ಎರಡು ಬಂದರೆ ಜಾಸ್ತಿಯೇ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಿವಿಮಾತು. ಹುಡುಕುವಾಗ ಪೂರ್ತಿ ಪದ ಹಾಕಬೇಡಿ. ‘ಕಾಡು’ ಎಂದು ಹುಡುಕಿದರೆ ‘ಕಾಡಿನಲ್ಲಿ’ ಸಿಗುವುದಿಲ್ಲ, ವಿಭಕ್ತಿ ಸೇರಿದ ಕೂಡಲೇ ಕೊನೆಯ ಉಕಾರ ಬದಲಾಗಿರುತ್ತದೆ. ‘ಕಾಡ’ ಎಂದು ಹಾಕಿ. ನನ್ನ ಫೈಲುಗಳಲ್ಲಿ ಎರಡೂ ಸಿಗುತ್ತವೆ. ಇದು ಗೊತ್ತಾಗುವ ಮೊದಲು, ಬರೆದದ್ದೇ ಕಳೆದುಹೋಗಿದೆ ಎಂದು ಎಷ್ಟು ಸಲ ಅಂದುಕೊಂಡಿದ್ದೆ.

ದಿನಚರಿ ಮಾತ್ರ ಕಾಗದದಲ್ಲಿ. ಅದಕ್ಕೆ ಕಾರಣ ಅಪ್ಪಯ್ಯ. ಅಡಿಕೆ ಮಂಡಿಯವರು ವರ್ಷ ವರ್ಷ ಕೊಡುತ್ತಿದ್ದ ಡೈರಿಯಲ್ಲಿ ದಿನಾ ರಾತ್ರಿ ಊಟ ಆದಮೇಲೆ ಎರಡು ಮೂರು ಸಾಲು ಬರೆಯುತ್ತಿದ್ದರು. ತುಂಬಿದ ಡೈರಿ ಒಲೆ ಮೇಲಿನ ಹೊಗೆ ಅಟ್ಟಕ್ಕೆ ಹೋಗುತ್ತಿತ್ತು. ಹುಳ ಬೀಳಬಾರದಲ್ಲ. ಅವರು ಹೋದ ಮೇಲೆ ಇಳಿಸಿ ನೋಡಿದೆ. ಹಾಳೆಯ ಅಂಚೆಲ್ಲ ಕಂದು, ಮೂಗಿಗೆ ಹಿಡಿದರೆ ಹೊಗೆ ವಾಸನೆ. 1986ರ ಜೂನ್ 28ರ ಪುಟ ಹೀಗಿದೆ:

“ಆರಿದ್ರೆ. ರಾತ್ರಿಯಿಡೀ ಮಳೆ. ಮೇಲಿನ ತೋಟಕ್ಕೆ ಔಷಧಿ ಆಗಿಲ್ಲ. ಮೈಲುತುತ್ತ 5 ಕೆಜಿ ಉಳಿದಿದೆ. ಕೆಂಪಿ ಕರು ಹಾಕಿತು.”

ಅಡಿಕೆ ಬೆಳೆಯುವವರಿಗೆ ಇದರಲ್ಲಿ ಎಲ್ಲ ಇದೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಮಳೆ ಹಿಡಿಯುವ ಮೊದಲೇ ಗೊನೆಗೆ ಬೀಳಬೇಕು. ಇಲ್ಲದಿದ್ದರೆ ಕೊಳೆರೋಗ. ಹೊಡೆದದ್ದು ಒಣಗಲು ಸ್ವಲ್ಪವಾದರೂ ಹೊಳವು ಬೇಕು, ಅಂದರೆ ಮಳೆ ಬಿಡಬೇಕು. ಆ ವರ್ಷ ಹೊಳವಾಗಲಿಲ್ಲ. ಆಗಸ್ಟಿನಲ್ಲಿ ಒಂದೇ ಸಾಲು: “ಕೊಳೆ ಕಾಯಿ ಹೆಕ್ಕಿಸಿದೆ, 6 ಬುಟ್ಟಿ.” ಅಷ್ಟೇ. ಆ ಆರು ಬುಟ್ಟಿ ಓದುವಾಗ ಜಗಲಿಯಲ್ಲಿ ನಿಂತು ಆಕಾಶ ನೋಡುತ್ತಿದ್ದ ಅಪ್ಪಯ್ಯ ನನಗೆ ಕಾಣುತ್ತಾರೆ. ‘6’ ಬರೆಯುವಾಗ ಪೆನ್ನು ಒತ್ತಿದ ಗುರುತು ಹಾಳೆಯ ಹಿಂದೆಯೂ ಇದೆ. ಬೆರಳಾಡಿಸಿದರೆ ಸಿಗುತ್ತದೆ.

ನಾನೂ ಹಾಗೇ ಬರೆಯುತ್ತೇನೆ. ಮಳೆ ಬಂತೋ ಇಲ್ಲವೋ, ಯಾರು ಬಂದಿದ್ದರು, ಏನು ಓದಿದೆ. ಏನೂ ತೋಚದ ದಿನ ಮಳೆ ಒಂದನ್ನೇ. ದಿನಚರಿ ಶುರು ಮಾಡಿ ಹದಿನೈದು ದಿನಕ್ಕೆ ಬಿಟ್ಟೆ ಅನ್ನುವವರು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಯಬೇಕು ಎಂದು ಕೂತವರೇ ಜಾಸ್ತಿ. ಅವರಿಗೆ ನಾನು ಅಪ್ಪಯ್ಯನ ಪುಟ ತೋರಿಸುತ್ತೇನೆ.

ಈಗ ಆ ಡೈರಿಗಳನ್ನು ಒಂದೊಂದಾಗಿ ಟೈಪ್ ಮಾಡುತ್ತಿದ್ದೇನೆ, ವರ್ಷಕ್ಕೊಂದು ಫೈಲು. 1986 ಮುಗಿಯಿತು. 1987ರಲ್ಲಿ ಜುಲೈ ತಿಂಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಳೆದರೆ ಹರಿಯುತ್ತವೆ. ಹೊಳವಾದ ಮೇಲೆ ಬಿಡಿಸೋಣ ಎಂದು ಬಟ್ಟೆ ಸುತ್ತಿ ಎತ್ತಿಟ್ಟಿದ್ದೇನೆ.