ಫ್ಯಾನ್ ತಿರುಗುತ್ತೆ, ಮುಳ್ಳು ಏಳಲ್ಲ

ಚಿಕ್ಕಬಳ್ಳಾಪುರದ ಗ್ಯಾರೇಜಿಗೆ ಅವತ್ತು ಬಂದದ್ದು ಮುಳ್ಳಿನ ಟೆಂಪರೇಚರ್ ಗೇಜ್ ಇರುವ ಹಳೆಯ ಲಿಕ್ವಿಡ್ ಕೂಲ್ಡ್ ಬೈಕು. ನಂದಿ ಬೆಟ್ಟ ಹತ್ತಿ ಇಳಿದರೂ ಮುಳ್ಳು 'ಸಿ' (ತಣ್ಣಗೆ) ಬಿಟ್ಟು ಕದಲಿಲ್ಲ, ರೇಡಿಯೇಟರ್ ಫ್ಯಾನ್ ಮಾತ್ರ ತಿರುಗಿದೆ. ಅರ್ಧ ಉತ್ತರ ಅಲ್ಲೇ ಇತ್ತು. ಇಂಥ ಬೈಕುಗಳಲ್ಲಿ ಫ್ಯಾನಿಗೆ ರೇಡಿಯೇಟರಿನಲ್ಲೇ ಬೇರೆ ಥರ್ಮೋ ಸ್ವಿಚ್, ಅಂದರೆ ಬಿಸಿ ಏರಿದಾಗ ತಾನೇ ಆನ್ ಆಗುವ ಸ್ವಿಚ್ ಇರುತ್ತದೆ. ಫ್ಯಾನ್ ತಿರುಗಿದೆ ಅಂದಮೇಲೆ ಎಂಜಿನ್ ಕಾದಿದೆ. ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆರೆದೇ ಕೂತು ಎಂಜಿನ್ ಕಾಯುತ್ತಿಲ್ಲವೇನೋ ಎಂಬ ಅನುಮಾನ ಬೇಡ.

"ಹೊಸ ಸೆನ್ಸರ್ ಹಾಕ್ಬಿಡಿ ಅಣ್ಣ" ಅನ್ನುವುದು ಎಲ್ಲರ ಮೊದಲ ಮಾತು. ಸೆನ್ಸರ್ ಅಂದರೆ ಬಿಸಿ ಅಳೆದು ಗೇಜಿಗೆ ತಿಳಿಸುವ ಭಾಗ. ದುಡ್ಡು ದಂಡವಾಗುವುದೂ ಅಲ್ಲೇ.

ಇಗ್ನಿಷನ್ ಆನ್ ಮಾಡಿ, ಸೆನ್ಸರಿನ ಒಂಟಿ ವೈರ್ ಕಿತ್ತು ಎಂಜಿನ್ ಬಾಡಿಗೆ ಮುಟ್ಟಿಸಿದರೆ ಮುಳ್ಳು 'ಎಚ್' (ಬಿಸಿ) ಕಡೆಗೆ ಓಡಿತು. ಒಂದೆರಡು ಸೆಕೆಂಡಿಗಿಂತ ಹೆಚ್ಚು ಮುಟ್ಟಿಸಬಾರದು, ಗೇಜ್ ಸುಡುತ್ತದೆ. ಫ್ಯೂಸ್, ಗೇಜ್, ವೈರ್ ಮೂರೂ ಸರಿ ಎಂದಾಯಿತು. ಏಳದೇ ಇದ್ದಿದ್ದರೆ ಗೇಜಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ, ಆಮೇಲೆ ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರ್ ಒಳಗೇ ತುಂಡಾಗಿದೆಯೇ ಹುಡುಕಬೇಕಿತ್ತು.

ಅದೇ ವೈರನ್ನು ಸೆನ್ಸರ್ ಕೂತಿರುವ ಥರ್ಮೋಸ್ಟಾಟ್ ಹೌಸಿಂಗಿಗೆ ಮುಟ್ಟಿಸಿದಾಗ ಮುಳ್ಳು ಅಲ್ಲಾಡಲಿಲ್ಲ. ಒಂಟಿ ವೈರಿನ ಸೆನ್ಸರಿಗೆ ಅದರ ಮೈಯೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವ ದಾರಿ. ಈ ಬೈಕಿನಲ್ಲಿ ಹೌಸಿಂಗ್ ರಬ್ಬರ್ ಹೋಸುಗಳ ನಡುವೆ ತೂಗುತ್ತದೆ, ಎಂಜಿನ್ನಿಗೆ ತಾಗುವುದೇ ಇಲ್ಲ. ಅದಕ್ಕೇ ಅದಕ್ಕೊಂದು ಪ್ರತ್ಯೇಕ ಅರ್ಥ್ ವೈರ್. ಹೌಸಿಂಗಿನಿಂದ ಬ್ಯಾಟರಿ ಮೈನಸ್‌ಗೆ ಮೀಟರ್ ಹಿಡಿದರೆ ಒಂದು ಓಮಿಗಿಂತ ಕಡಿಮೆ ಬರಬೇಕು. ಇಲ್ಲಿ ಸಂಪರ್ಕವೇ ಇಲ್ಲ. ಬೋಲ್ಟಿನ ಕೆಳಗೆ ರಿಂಗ್ ಟರ್ಮಿನಲ್ ಹಸಿರು ಕಟ್ಟಿ ತಿಂದುಹೋಗಿತ್ತು. ಪಕ್ಕದ ಹೋಸ್ ಕ್ಲಿಪ್ಪಿನಿಂದ ನೀರು ಜಿನುಗಿದ ಬಿಳಿ ಗುರುತು. ಕೂಲೆಂಟ್ ಬದಲು ಬೋರ್ ನೀರು ತುಂಬಿಸಿದ್ದರ ಫಲ. ನಮ್ಮ ಕಡೆಯ ಗಡಸು ನೀರು ಪಾತ್ರೆ ತಳವನ್ನೇ ಬಿಡುವುದಿಲ್ಲ, ರೇಡಿಯೇಟರ್ ಬಿಟ್ಟೀತೆ!

ಒಳಗಿನ ಬೋರ್ ನೀರನ್ನು ಹೇಗೂ ಇಳಿಸಬೇಕು, ಎಂಜಿನ್ ಪೂರ್ತಿ ಆರಿದ ಮೇಲೆ ಮಾತ್ರ ಕ್ಯಾಪ್ ತೆಗೆದು. ಹಾಗಾಗಿ ಸೆನ್ಸರನ್ನೂ ಬಿಚ್ಚಿ, ತಳ ತಾಗದಂತೆ ಬಿಸಿನೀರಿನಲ್ಲಿ ಇಳಿಬಿಟ್ಟು, ತುದಿಗೂ ಮೈಗೂ ಮೀಟರ್ ಹಿಡಿದದ್ದಾಯಿತು. 60 ಡಿಗ್ರಿಗೆ ಸುಮಾರು 100 ಓಮ್, 85ಕ್ಕೆ 45ರ ಆಸುಪಾಸು. ಬಿಸಿ ಏರಿದಂತೆ ಓಮ್ ಇಳಿಯಬೇಕು, ಇಳಿಯಿತು. ಚಿಕ್ಕಬಳ್ಳಾಪುರದ ಎತ್ತರಕ್ಕೆ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಅದರಾಚೆಯ ಅಳತೆ ಪಾತ್ರೆಯಲ್ಲಿ ಸಿಗದು.

ಮಿಕ್ಕದ್ದು ಸಣ್ಣ ಕೆಲಸ. ಹೌಸಿಂಗ್ ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಒತ್ತಿ, ಬಿಗಿದು, ಮೇಲೆ ವ್ಯಾಸಲೀನ್. ಸೆನ್ಸರಿನ ಮರೆಗೆ (ಥ್ರೆಡ್ಡಿಗೆ) ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ಮತ್ತೆ ತಪ್ಪುತ್ತದೆ. ಹಿತ್ತಾಳೆ ಮರೆ, ಜೋರಾಗಿ ತಿರುಗಿಸಿದರೆ ಮುರಿಯುತ್ತದೆ. ಒಳಗೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲುವವರೆಗೆ ತುಂಬಿಸಬೇಕು. ಸೆನ್ಸರಿನ ಸುತ್ತ ಗಾಳಿ ಉಳಿದರೆ ಮುಳ್ಳು ಮತ್ತೆ ಸುಳ್ಳು ಹೇಳುತ್ತದೆ.

ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗುವ ಎರಡು ವೈರಿನ ಸೆನ್ಸರ್ ಇರುವ ಹೊಸ ಬೈಕುಗಳಲ್ಲಿ ಮಾತ್ರ ಈ ವೈರ್ ಮುಟ್ಟಿಸುವ ಆಟ ಬೇಡ. ಅಲ್ಲಿ ಮೊದಲು ಅದು ದಾಖಲಿಸಿಟ್ಟ ಫಾಲ್ಟ್ ಕೋಡ್ (ದೋಷದ ಸಂಕೇತ) ಓದಿಸಿ.