ಸಾಲಿನ ಪಕ್ಕದ ಹೆಸರು

ಬೇಲೂರು ಚೆನ್ನಕೇಶವ ದೇವಾಲಯದ ಕೆಲವು ಶಿಲ್ಪಗಳ ಪೀಠದಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇತ್ತ ಅಮೃತಾಪುರದಲ್ಲಿ ಕಾಣುವ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ. ಕಲ್ಲಿನಲ್ಲಿ ಹೆಸರು ಬರೆಯಲು ಉಳಿ ಹಿಡಿಯಬೇಕು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿದರೆ, ಅಂದರೆ ಬದಲಾವಣೆಯನ್ನು ದಾಖಲಿಸಿದರೆ, ಹೆಸರು ತಾನಾಗಿಯೇ ಬೀಳುತ್ತದೆ, ಹಾಗಾಗಿ ಯಾರೂ ಅದನ್ನು ತಿರುಗಿ ನೋಡುವುದಿಲ್ಲ.

ಒಂದೇ ಕಂಪ್ಯೂಟರಿನಲ್ಲಿ ಮೂವರು ಕೆಲಸ ಮಾಡಿದರೆ ಮೂವರ ಕೋಡೂ ಮೊದಲು ಸೆಟಪ್ ಮಾಡಿದವರ ಹೆಸರಿಗೆ ಹೋಗುತ್ತದೆ. ಕಮಿಟ್‌ಗೆ ಮುಂಚೆ ಗಿಟ್ ಕಾನ್ಫಿಗ್‌ನಲ್ಲಿ (ಗಿಟ್‌ನ ಸೆಟ್ಟಿಂಗ್) ಹೆಸರು, ಇಮೇಲ್ ನೋಡಿಕೊಳ್ಳಿ. ಇನ್ನೊಂದು ಕಾಟ ಕೋಡಿನ ಜೋಡಣೆಯನ್ನು ಓರಣ ಮಾಡುವ ಫಾರ್ಮ್ಯಾಟರ್‌ನದು: ಇಡೀ ಫೈಲಿಗೆ ಒಮ್ಮೆ ಓಡಿಸಿದರೆ, ಯಾವ ಸಾಲು ಯಾರದು ಎಂದು ತೋರಿಸುವ ಗಿಟ್ ಬ್ಲೇಮ್ ಆಜ್ಞೆ ಬದಲಾದ ಸಾಲನ್ನೆಲ್ಲ ಓಡಿಸಿದವರ ತಲೆಗೆ ಕಟ್ಟುತ್ತದೆ. ಫಾರ್ಮ್ಯಾಟಿಂಗನ್ನು ಬೇರೆಯೇ ಕಮಿಟ್ ಮಾಡಿ, ಅದರ 40 ಅಕ್ಷರದ ಪೂರ್ತಿ ಹ್ಯಾಶನ್ನು (ಕಮಿಟ್‌ನ ಗುರುತು) ಒಂದು ಫೈಲಿನಲ್ಲಿ ಬರೆದು, ಬ್ಲೇಮ್‌ಗೆ ಅದನ್ನು ಬಿಟ್ಟು ನೋಡಲು ಹೇಳಿ. ಗಿಟ್‌ನ 2019ರ 2.23 ಆವೃತ್ತಿಯಿಂದ ಈ ಸೌಲಭ್ಯವಿದೆ. (ಬ್ಲೇಮ್, ಅಂದರೆ ದೂರು, ಎಂಬ ಹೆಸರೇ ಸರಿಯಿಲ್ಲ. ಗಿಟ್‌ನಂಥದೇ ಹಳೆಯ ಸಬ್‌ವರ್ಶನ್‌ನಲ್ಲಿ ಇದೇ ಆಜ್ಞೆಯನ್ನು 'ಪ್ರೇಸ್' (ಹೊಗಳಿಕೆ) ಎಂದೂ ಕರೆಯಬಹುದಿತ್ತು!)

ಹೆಸರು ಸರಿಯಾಯಿತು. ಅದರಡಿ ಏನಿದೆ ಎನ್ನುವುದು ದೊಡ್ಡ ಮಾತು. ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯ ಬಿಲ್ ಪ್ರೋಗ್ರಾಂ ತೆಗೆದುಕೊಳ್ಳಿ. ದರ 50 ಕೆ.ಜಿ. ಮೂಟೆಗೆ, ತಕ್ಕಡಿಯಲ್ಲಿ ಬರುವುದು 37 ಕೆ.ಜಿ. 450 ಗ್ರಾಂ. ಇದನ್ನು ಫ್ಲೋಟ್‌ನಲ್ಲಿ (ದಶಮಾಂಶಗಳನ್ನು ಅಂದಾಜಾಗಿ ಇಡುವ ಸಂಖ್ಯೆ) ಇಡಬೇಡಿ, ಅದರಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ. ತೂಕವನ್ನು ಗ್ರಾಂನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟು, ಗುಣಿಸಿ, ಕೊನೆಗೆ ಒಮ್ಮೆ ಮಾತ್ರ 50,000ದಿಂದ ಭಾಗಿಸಿ.

ಆಮೇಲೆ ಪೈಸೆ ಬಿಟ್ಟು ಪೂರ್ತಿ ರೂಪಾಯಿಗೆ ಸರಿ ಮಾಡುವಾಗ ಎಡವುತ್ತಾರೆ. ಪೈಥಾನ್ 3 ಭಾಷೆಯಲ್ಲಿ ಈ ಕೆಲಸ ಮಾಡುವ ರೌಂಡ್, ಸರಿಯಾಗಿ ಅರ್ಧ ಬಂದಾಗ ಸಮಸಂಖ್ಯೆಯ ಕಡೆ ವಾಲುತ್ತದೆ: 1,250.50 ಆದರೆ 1,250, 1,251.50 ಆದರೆ 1,252. ಬೆಳೆಗಾರ ಚೀಟಿ ಹಿಡಿದು ಕೂಡಿ ನೋಡಿದಾಗ ಒಂದು ರೂಪಾಯಿ ತಾಳೆಯಾಗುವುದಿಲ್ಲ. ಪೈಥಾನ್‌ನದೇ ಡೆಸಿಮಲ್ ಮಾಡ್ಯೂಲ್ ಬಳಸಿ ಅರ್ಧವನ್ನು ಮೇಲಕ್ಕೇ ಏರಿಸಿ. ಟೆಸ್ಟ್ ಬರೆಯುವಾಗ ಎರಡೂ ಮೊತ್ತ ಹಾಕಿ, ಬರೀ 1,251.50 ಹಾಕಿದರೆ ತಪ್ಪು ಕೋಡೂ ಪಾಸಾಗಿಬಿಡುತ್ತದೆ.

ಕಮಿಟ್ ಸಂದೇಶದಲ್ಲಿ 'ಫಿಕ್ಸ್' ಎಂದಷ್ಟೇ ಗೀಚಿದರೆ, ಮುಂದೆ ಯಾರೋ ಅರ್ಧವನ್ನು ಏರಿಸುವ ಈ ನಾಲ್ಕು ಸಾಲು ಅನಗತ್ಯ ಎಂದು ತೆಗೆದು ಮತ್ತೆ ರೌಂಡ್ ಹಾಕುತ್ತಾರೆ. ಮೊದಲ ಸಾಲು 50 ಅಕ್ಷರದ ಆಸುಪಾಸಿನಲ್ಲಿ, ಒಂದು ಸಾಲು ಖಾಲಿ, ಕೆಳಗೆ ಕಾರಣ: ಯಾವ ಮೊತ್ತ ತಪ್ಪಿತ್ತು, ಏಕೆ. ಏನು ಬದಲಾಯಿತು ಎಂಬುದನ್ನು ಡಿಫ್ (ಹಳೆ-ಹೊಸ ಕೋಡಿನ ಹೋಲಿಕೆ) ತೋರಿಸುತ್ತದೆ, ಏಕೆ ಎಂಬುದನ್ನಲ್ಲ.

ನನ್ನ ಕೋಡ್ ಎಂದು ಬೇಲಿ ಹಾಕಿಕೊಳ್ಳುವವರೂ ಇದ್ದಾರೆ. ಯಾವ ಫೈಲಿಗೆ ಯಾರು ಹೊಣೆ ಎಂದು ಬರೆಯುವ ಕೋಡ್‌ಓನರ್ಸ್ ಫೈಲಿನಲ್ಲಿ ಒಬ್ಬರದೇ ಹೆಸರಿಟ್ಟು ಅವರ ಒಪ್ಪಿಗೆ ಕಡ್ಡಾಯ ಮಾಡಿದರೆ, ಕೊಯ್ಲಿನ ಕಾಲದಲ್ಲಿ ಅವರು ರಜೆ ಹಾಕಿದಾಗ ತಿದ್ದುಪಡಿ ಅಲ್ಲೇ ಕೂತಿರುತ್ತದೆ. ಎರಡು ಹೆಸರು ಹಾಕಿ, ಒಂದೇ ಸಾಲಿನಲ್ಲಿ. ಒಂದೇ ಕೋಡ್ ಫೈಲಿಗೆ ಎರಡು ಬೇರೆ ಸಾಲು ಬರೆದರೆ ಗಿಟ್ ಕೋಡನ್ನು ಇಡುವ ತಾಣ ಗಿಟ್‌ಹಬ್ ಕೊನೆಯದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ.