ನೀರು ನಿಂತರೆ ಸಾಲದು, ಟ್ಯಾಂಕ್ ಪಳಗಬೇಕು

ಹೊಸ ಮೀನಿನ ಟ್ಯಾಂಕ್ ತಂದವರಿಗೆಲ್ಲ ಸಿಗುವ ಸಲಹೆ ಒಂದೇ: "ಎರಡು ದಿನ ನೀರು ಹಾಗೇ ಬಿಡಿ, ಆಮೇಲೆ ಮೀನು ಹಾಕಿ." ಹಾಗೆ ಬಿಟ್ಟರೆ ನಲ್ಲಿ ನೀರಿನ ಕ್ಲೋರಿನ್ ಹಾರಿಹೋಗುತ್ತದೆ, ನಿಜ. ಆದರೆ ಹೊಸ ಟ್ಯಾಂಕಿನಲ್ಲಿ ಮೀನು ಸಾಯೋದು ಹೆಚ್ಚಾಗಿ ಅಮೋನಿಯಾದಿಂದ. ಮೀನಿನ ಹೇಲು, ಕಿವಿರಿನಿಂದ ಹೊರಬರೋದು, ಮಿಕ್ಕ ಫುಡ್, ಎಲ್ಲವೂ ಕೊನೆಗೆ ಅಮೋನಿಯಾವೇ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಬಂದು ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ನೆಮ್ಮದಿ. ಇವೆರಡೂ ನೆಲೆ ನಿಲ್ಲೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಬರೀ ನೀರು ತುಂಬಿ ತಿಂಗಳು ಕಾದರೂ ಪ್ರಯೋಜನವಿಲ್ಲ, ಅವಕ್ಕೂ ತಿನ್ನೋಕೆ ಅಮೋನಿಯಾ ಬೇಕಲ್ವಾ?

ಹಾಗಾಗಿ ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಫುಡ್ ಹಾಕಿ, ಸ್ಪಂಜ್ ಫಿಲ್ಟರ್ (ಏರ್ ಪಂಪಿನ ಗಾಳಿಯಿಂದ ಓಡೋದು, ಬ್ಯಾಕ್ಟೀರಿಯಾ ನೆಲೆಸೋದು ಇದರಲ್ಲೇ) ಹಗಲೂ ರಾತ್ರಿ ಓಡಲಿ. ನೀರು ಮಜ್ಜಿಗೆ ತರ ಬೆಳ್ಳಗಾದರೆ ಗಾಬರಿಯಾಗಿ ಎಲ್ಲ ಚೆಲ್ಲಬೇಡಿ, ತಾನೇ ತಿಳಿಯಾಗುತ್ತದೆ. ನೀರಿನ ಬಣ್ಣ ಬದಲಾಗೋದು ನೋಡಿ ಅಳೆಯುವ ಟೆಸ್ಟ್ ಕಿಟ್‌ಗೆ ದುಡ್ಡು ಹಾಕೋದು ದಂಡವಲ್ಲ. ನನ್ನ ಕಿಟ್‌ನಲ್ಲಿ ಅಮೋನಿಯಾ ಟ್ಯೂಬ್ ಹಳದಿಯಾಗೇ ಉಳಿದರೆ ಸೊನ್ನೆ, ಹಸಿರಿಗೆ ತಿರುಗಿದರೆ ಇದೆ ಅಂತ. ನೈಟ್ರೈಟ್ ಟ್ಯೂಬ್ ತಿಳಿ ನೀಲಿಯಿಂದ ನೇರಳೆಗೆ ಹೋಗಿ, ವಾರಗಟ್ಟಲೆ ಅಲ್ಲೇ ಕೂತು, ಒಂದು ಬೆಳಗ್ಗೆ ಮತ್ತೆ ತಿಳಿ ನೀಲಿಗೆ ಬಂದಾಗ, ಅಮೋನಿಯಾವೂ ಸೊನ್ನೆಯಿದ್ದರೆ, ಟ್ಯಾಂಕ್ ಪಳಗಿದೆ ಅಂತ ಅರ್ಥ.

ನಮ್ಮ ಚಿಕ್ಕಮಗಳೂರಿನಲ್ಲಿ ಇದು ಇನ್ನೂ ನಿಧಾನ. ಈ ಬ್ಯಾಕ್ಟೀರಿಯಾಕ್ಕೆ 25ರಿಂದ 28 ಡಿಗ್ರಿ ಹಿತ, ಡಿಸೆಂಬರ್ ರಾತ್ರಿಯ ನೀರು ಅದಕ್ಕಿಂತ ತುಂಬಾ ತಣ್ಣಗೆ. ಸಣ್ಣ ಹೀಟರ್ ಹಾಕಿ. ತೋಟದ ಕಡೆ ಒರತೆ ನೀರು ಬಳಸುವವರು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಕೂಡ ನೋಡಿಕೊಳ್ಳಿ. ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿ ಅದು ಬೇಗ ಇಳಿಯುತ್ತದೆ, 6ರ ಹತ್ತಿರ ಬಂದರೆ ಬ್ಯಾಕ್ಟೀರಿಯಾದ ಕೆಲಸ ಹೆಚ್ಚುಕಡಿಮೆ ನಿಂತಂತೆ. ಪಿಎಚ್ ಇಳಿಯದಂತೆ ಫಿಲ್ಟರ್ ಪಕ್ಕ ನಾಲ್ಕು ಕಪ್ಪೆಚಿಪ್ಪಿನ ಚೂರು ಇಡಿ. ಇನ್ನು ಮಳೆಗಾಲದ ಕರೆಂಟ್! ಅದು ಹೋಗಿ ಗಂಟೆಗಟ್ಟಲೆ ಪಂಪಿನ ಗಾಳಿ ನಿಂತರೆ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸೊರಗುತ್ತದೆ, ಬ್ಯಾಟರಿ ಏರ್ ಪಂಪ್ ಒಂದು ಇರಲಿ.

ಬೇಗ ಆಗಬೇಕಾದರೆ, ಹಳೇ ಟ್ಯಾಂಕ್ ಇರುವ ಗೆಳೆಯರಿಂದ ಬಳಸಿದ ಸ್ಪಂಜ್ ಒದ್ದೆಯಾಗೇ ತನ್ನಿ. ಅವರ ಟ್ಯಾಂಕಿನ ನೀರು ತಂದರೆ ಹೆಚ್ಚೇನೂ ಸಿಗೋದಿಲ್ಲ, ಬ್ಯಾಕ್ಟೀರಿಯಾ ಹೆಚ್ಚಾಗಿ ಇರೋದು ಸ್ಪಂಜಿನಲ್ಲಿ. ಅದನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದರೆ ಕಥೆ ಮುಗಿಯಿತು. ಟ್ಯಾಂಕಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ.

ಮನೆಯ ಮಕ್ಕಳು ಹಟ ಹಿಡಿದು ಮೀನು ಆಗಲೇ ಬಂದಿದೆಯಾ? ಆಗ 20 ಲೀಟರಿಗೆ ಎರಡೇ ಗಪ್ಪಿ ಇರಲಿ. ದಿನ ಬಿಟ್ಟು ದಿನ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಫುಡ್ ಹಾಕಿ. ದಿನಾ ಟೆಸ್ಟ್ ಮಾಡಿ, ಟ್ಯೂಬ್ ಹಸಿರಾದರೆ ಅಥವಾ ನೇರಳೆಯಾದರೆ ಮೂರನೇ ಒಂದು ಭಾಗ ನೀರು ಬದಲಿಸಿ. ಹೊಸ ನೀರಿಗೆ ಆಂಟಿ ಕ್ಲೋರಿನ್ (ಕ್ಲೋರಿನ್ ತೆಗೆಯುವ ಔಷಧ) ಮರೆಯಬೇಡಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಟೆಸ್ಟಿಗೂ ಕಾಯಬೇಡಿ, ಮೊದಲು ನೀರು ಬದಲಿಸಿ. ನೈಟ್ರೈಟ್ ಜಾಸ್ತಿ ಇದ್ದಾಗ ಒಂದು ಚಿಕ್ಕ ಚಮಚ ಕಲ್ಲುಪ್ಪು ಕರಗಿಸಿ ಹಾಕಿದರೆ ನೈಟ್ರೈಟ್ ಮೀನಿನ ರಕ್ತಕ್ಕೆ ಸೇರೋದು ಕಡಿಮೆಯಾಗುತ್ತದೆ.

ಪಳಗಿದ ಮೇಲೂ ಒಂದೇ ಸಲ ಹತ್ತು ಮೀನು ಸುರಿಯಬೇಡಿ, ಎರಡು ಮೂರು ಬಿಟ್ಟು ವಾರ ನೋಡಿ. ಗೋಲ್ಡ್‌ಫಿಶ್ ಮಾತ್ರ ಇಂಥ ಚಿಕ್ಕ ಟ್ಯಾಂಕಿಗೆ ಬೇಡವೇ ಬೇಡ, ಅದರ ಗಲೀಜಿಗೆ ಇಲ್ಲಿನ ಬ್ಯಾಕ್ಟೀರಿಯಾ ಸಾಲದು.